ಹುಷಾರಿಲ್ಲದವರನ್ನು ನೋಡಲು ಹೋಗುವಾಗ ಬುಟ್ಟಿಯಲ್ಲಿ ಏನಿಡಬೇಕು?

ಕುವೆಂಪುನಗರ_ಮನೆ:

ನಮಸ್ಕಾರ ಎಲ್ಲರಿಗೂ. ಒಂದು ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ನಮ್ಮ ಎದುರು ಮನೆ ಆಂಟಿಗೆ ಸ್ತನ ಕ್ಯಾನ್ಸರ್. ವಯಸ್ಸು 58. ಆಪರೇಶನ್ ಆಗಿ ಈಗ ಕೀಮೋ ನಡೆಯುತ್ತಿದೆ. 21 ದಿನಕ್ಕೊಂದು ಸಲ ಹೋಗಿ ಬರುತ್ತಾರೆ. ಎರಡು ಮುಗಿದಿವೆ, ಇನ್ನೂ ನಾಲ್ಕು ಇವೆ. ನಮ್ಮ ಬೀದಿಯ ಒಂಬತ್ತು ಮನೆಯವರು ತಲಾ 300 ರೂಪಾಯಿ ಹಾಕಿದ್ದೇವೆ. ಒಟ್ಟು 2,700 ಆಗಿದೆ. ಒಂದು ಒಳ್ಳೆ ಬುಟ್ಟಿ ಮಾಡಿ ಕೊಡೋಣ ಅಂತ.

ಮೊದಲು ಹಣ್ಣಿನಂಗಡಿಯಲ್ಲಿ ರೆಡಿ ಸಿಗುವ ಬುಟ್ಟಿಯನ್ನೇ ತರೋಣ ಅಂದುಕೊಂಡೆವು. ಬಣ್ಣದ ಕಾಗದ, ಮೇಲೆ ರಿಬ್ಬನ್ನು, ನೋಡಲು ಚೆಂದ. ಆದರೆ ಹೋದ ವರ್ಷ ಪಕ್ಕದ ಬೀದಿಯ ಒಬ್ಬರಿಗೆ ಅಂಥದ್ದೇ ಕೊಟ್ಟಿದ್ದೆವು. ಮೇಲಿನ ಸಾಲು ಚೆನ್ನಾಗಿತ್ತು. ಕೆಳಗಿದ್ದ ಸೇಬೆಲ್ಲ ಮೆತ್ತಗಾಗಿ ಕಪ್ಪಾಗಿತ್ತು. ಆ ಮನೆಯವರು ನಮಗೆ ಒಂದು ಮಾತೂ ಅನ್ನಲಿಲ್ಲ. ಮಾರನೆ ದಿನ ಕಸದ ಗಾಡಿ ಬಂದಾಗ ನಾನೇ ಕಣ್ಣಾರೆ ನೋಡಿದೆ. ತುಂಬಾ ಬೇಜಾರಾಯಿತು.

ಈ ಸಲ ಹಾಗಾಗಬಾರದು. ಈ ಆಂಟಿ ನಮ್ಮ ಬೀದಿಯ ಮಕ್ಕಳಿಗೆಲ್ಲ ರಂಗೋಲಿ ಕಲಿಸಿದವರು. ನನ್ನ ಬಾಣಂತನದಲ್ಲಿ ಅಮ್ಮ ಬರುವುದು ತಡವಾದಾಗ ಹತ್ತು ದಿನ ಮೆಣಸಿನ ಸಾರು, ಬಿಸಿ ಅನ್ನ ಮಾಡಿ ತಂದುಕೊಟ್ಟವರು. ಮೈಸೂರು ಮಲ್ಲಿಗೆ ಅಂದರೆ ಅವರಿಗೆ ಪ್ರಾಣ. ಅದಕ್ಕೇ ಬುಟ್ಟಿಯ ಮೇಲೆ ಎರಡು ಮೊಳ ಮಲ್ಲಿಗೆ ಇಡಬೇಕು ಅಂತ ನನ್ನ ಆಸೆ. ಒಳಗೆ ಹಣ್ಣು, ಡ್ರೈ ಫ್ರೂಟ್ಸ್, ಹಾರ್ಲಿಕ್ಸ್, ಬ್ರೆಡ್ಡು. ಇನ್ನೇನು ಇಡಬಹುದು? ಹೇಳಿ.

ನರ್ಸಕ್ಕ:

31 ವರ್ಷ ವಾರ್ಡಿನಲ್ಲಿ ಕೆಲಸ ಮಾಡಿ ರಿಟೈರ್ ಆದವಳು ನಾನು. ಅದಕ್ಕೆ ಸ್ವಲ್ಪ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಮ್ಮ.

ಮಲ್ಲಿಗೆ ಬೇಡ. ಕೀಮೋ ಕೊಟ್ಟ 7ರಿಂದ 14ನೇ ದಿನದ ಸುಮಾರಿಗೆ ಬಿಳಿ ರಕ್ತಕಣಗಳು ತುಂಬಾ ಇಳಿದುಬಿಡುತ್ತವೆ. ಹೂವಿನ ಮೇಲೆ, ಹೂವಿಟ್ಟ ನೀರಿನಲ್ಲಿ, ಕುಂಡದ ಮಣ್ಣಿನಲ್ಲಿ ಇರುವ ಬೂಷ್ಟು, ಬ್ಯಾಕ್ಟೀರಿಯಾ ನಮಗೇನೂ ಮಾಡುವುದಿಲ್ಲ. ಆ ದಿನಗಳಲ್ಲಿ ಅವರಿಗೆ ಅದರಿಂದಲೇ ಸೋಂಕು ಆಗಬಹುದು. ಎರಡನೆಯದು ವಾಸನೆ. ಕೀಮೋ ಆದವರಿಗೆ ಮೊದಲು ಇಷ್ಟವಿದ್ದ ಪರಿಮಳವೇ ಹೊಟ್ಟೆ ತೊಳಸುವ ಹಾಗೆ ಮಾಡುತ್ತದೆ. ಒಗ್ಗರಣೆ, ಅಗರಬತ್ತಿ, ಗಂಧದ ಸೋಪು, ಸೆಂಟು, ಎಲ್ಲಾ ಅಷ್ಟೇ. ಇದೆಲ್ಲ ಅವರ ಮನಸ್ಸಿನ ಕೈಯಲ್ಲಿ ಇರುವುದಿಲ್ಲ.

ಹಣ್ಣು ಕೊಡಬಹುದು. ಆದರೆ ದಪ್ಪ ಸಿಪ್ಪೆ ಸುಲಿದು ತಿನ್ನುವಂಥದ್ದು. ದ್ರಾಕ್ಷಿ, ಸ್ಟ್ರಾಬೆರಿ ಥರದ್ದನ್ನು ಪೂರ್ತಿ ತೊಳೆಯುವುದು ಕಷ್ಟ. ಹೆಚ್ಚಿಟ್ಟ ಹಣ್ಣು ಬೇಡವೇ ಬೇಡ. ಬಾಯಲ್ಲಿ ಹುಣ್ಣಾಗಿದ್ದರೆ ಕಿತ್ತಳೆ, ಮೂಸಂಬಿ ಉರಿಯುತ್ತದೆ. ಆಗ ಬಾಳೆಹಣ್ಣು ಸರಿ. ಚಕೋತ ಕೆಲವು ಮಾತ್ರೆಗಳ ಜೊತೆ ಹೊಂದುವುದಿಲ್ಲ, ಡಾಕ್ಟರನ್ನು ಕೇಳದೆ ಕೊಡಬೇಡಿ. ಬಿಡಿ ಡ್ರೈ ಫ್ರೂಟ್ಸ್ ಸಹ ಹಲ್ಲಿಗೆ, ಹುಣ್ಣಿಗೆ ಕಷ್ಟವೇ.

ಏನು ಇಡಬಹುದು ಅಂದರೆ, ನನ್ನ ಕೈಯಲ್ಲಿದ್ದರೆ ಮೊದಲು ಒಂದು ಡಿಜಿಟಲ್ ಥರ್ಮಾಮೀಟರ್ ಇಡುತ್ತಿದ್ದೆ. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಬೇಕು. ಕೈ ಮುಟ್ಟಿ "ಸ್ವಲ್ಪ ಮೈ ಬೆಚ್ಚಗಿದೆ" ಅಂತ ಸುಮ್ನೆ ಕೂತು, ಬೆಳಿಗ್ಗೆ ಬರುವಷ್ಟರಲ್ಲಿ ಕೈ ಮೀರಿದ್ದನ್ನು ನಾನು ನೋಡಿದ್ದೇನೆ. ಥರ್ಮಾಮೀಟರಿಗೆ 150, 200 ರೂಪಾಯಿ ಅಷ್ಟೇ.

ಆಮೇಲೆ ತುಂಬಾ ಮೆತ್ತಗಿರುವ ಹಲ್ಲುಜ್ಜುವ ಬ್ರಷ್ಷು ಎರಡು. ತುಟಿಗೆ ಹಚ್ಚಲು ವಾಸನೆ ಇಲ್ಲದ ವ್ಯಾಸಲಿನ್. ತಲೆಗೆ ಕಟ್ಟಿಕೊಳ್ಳಲು ಮೆತ್ತನೆ ಹತ್ತಿ ಬಟ್ಟೆ. ಕೂದಲು ಹೋದ ತಲೆ ರಾತ್ರಿ ಹೊತ್ತು ತಣ್ಣಗಾಗುತ್ತದೆ, ದಿಂಬಿಗೆ ಉಜ್ಜಿದರೆ ನೋಯುತ್ತದೆ. ಒಂದು ಮರದ ಚಮಚ ಇಡಿ. ಕೆಲವರಿಗೆ ಬಾಯೆಲ್ಲ ಕಬ್ಬಿಣದ ರುಚಿ ಬರುತ್ತಿರುತ್ತದೆ, ಸ್ಟೀಲ್ ಚಮಚ ಬಾಯಿಗೆ ಇಟ್ಟರೆ ಅದು ಇನ್ನೂ ಜಾಸ್ತಿ.

ಒಂದು ವಿಷಯ ಮಾತ್ರ ಮರೆಯಬೇಡಿ. ಯಾರೋ ಹೇಳಿದರು ಅಂತ ಕಷಾಯದ ಪುಡಿ, ಬೇರು, ಸೊಪ್ಪಿನ ರಸ ಬುಟ್ಟಿಗೆ ಹಾಕಬೇಡಿ. ಪ್ರೀತಿಯಿಂದಲೇ ಕೊಡುತ್ತಾರೆ, ಗೊತ್ತು. ಆದರೆ ಕೀಮೋ ಔಷಧಿ ಜೊತೆ ಅದು ಏನು ಮಾಡುತ್ತದೆ ಅನ್ನುವುದು ಅವರ ಡಾಕ್ಟರಿಗೆ ಗೊತ್ತಿರಬೇಕು.

ಮಂಡ್ಯದ_ಹೈದ:

ನರ್ಸಕ್ಕ ಬರೆದದ್ದು ಓದಿ ನಮ್ಮಪ್ಪ ನೆನಪಾದರು. ನನ್ನದು ಕೀಮೋ ಅಲ್ಲ, ಡಯಾಲಿಸಿಸ್ ಕಥೆ. ಆದರೆ ನೋಡಲು ಬರುವವರ ಕೈಯಲ್ಲಿ ಎಲ್ಲಾ ಕಾಯಿಲೆಗೂ ಒಂದೇ ಚೀಲ ಇರುತ್ತದೆ, ಅಲ್ವಾ?

ಅಪ್ಪನಿಗೆ ಎರಡೂ ಕಿಡ್ನಿ ಹೋಗಿತ್ತು. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಮೆಷಿನ್ನು. ನಮ್ಮ ಕಡೆ ನೆಂಟರು ಬರಿಗೈಲಿ ಬರುವವರಲ್ಲ. ಮದ್ದೂರಿನಿಂದ ಸೋದರಮಾವ ಒಂದು ಗೊನೆ ಎಳನೀರು ತಂದರು. ಇನ್ನೊಬ್ಬರು ನಂಜನಗೂಡು ರಸಬಾಳೆ ಎಲ್ಲೆಲ್ಲೋ ಹುಡುಕಿ ತಂದರು. ಅದೀಗ ಸಿಗುವುದೇ ಅಪರೂಪ. ಪನಾಮಾ ಸೊರಗು ರೋಗ ಬಂದು ಎಷ್ಟೋ ತೋಟಗಳು ಹೋದವು. ಅಷ್ಟು ಆಸೆಯಿಂದ ತಂದದ್ದು. ಅಪ್ಪ ಎರಡನ್ನೂ ಮುಟ್ಟುವ ಹಾಗಿರಲಿಲ್ಲ. ನಾನು ಔಷಧಿ ತರಲು ಹೊರಗೆ ಹೋಗಿದ್ದೆ. ಮಾವ ಎದುರಿಗೆ ಕೂತು ಕೊಚ್ಚಿ ಕೊಟ್ಟರು. ಬೇಡ ಅನ್ನಲಾಗದೆ ಅಪ್ಪ ಎರಡು ಎಳನೀರು ಕುಡಿದುಬಿಟ್ಟರು. ರಾತ್ರಿ ಕೈಕಾಲು ಸೋತುಹೋಯಿತು, ಎದೆ ಬಡಿತ ಏರುಪೇರಾಯಿತು. ಆಸ್ಪತ್ರೆಗೆ ಓಡಿದೆವು. ರಕ್ತದಲ್ಲಿ ಪೊಟ್ಯಾಶಿಯಂ ಏರಿತ್ತು. ಎಳನೀರಿನಲ್ಲಿ ಅದು ಜಾಸ್ತಿ, ಕೆಟ್ಟ ಕಿಡ್ನಿ ಅದನ್ನು ಹೊರಹಾಕುವುದಿಲ್ಲ. ಅವತ್ತು ಉಳಿದುಕೊಂಡರು. ಮಾವ ಮಾತ್ರ ಎಷ್ಟೋ ವರ್ಷ ಆ ಮಾತು ತೆಗೆದು ಕಣ್ಣೀರು ಹಾಕುತ್ತಿದ್ದರು. ಅವರ ತಪ್ಪೇನಿದೆ? ಬರುತ್ತೇವೆ ಅಂತ ಫೋನ್ ಮಾಡಿದಾಗ ನಾನೇ ಹೇಳಬೇಕಿತ್ತು.

ನಮಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಅಕ್ಕನ ಆಫೀಸಿನವರು ಕೊಟ್ಟ ಚೀಲ. ಕೊಡುವ ಮೊದಲು ಅವರು ಅಕ್ಕನನ್ನು ಕೇಳಿದ್ದರು. ಅದರಲ್ಲಿ ಒಂದು ತೆಳ್ಳನೆ ಶಾಲು ಇತ್ತು. ಮೆಷಿನ್ ಮೇಲೆ ಮಲಗಿದ್ದಾಗ ಅಪ್ಪನಿಗೆ ಬೇಸಿಗೆಯಲ್ಲೂ ಚಳಿ ಆಗುತ್ತಿತ್ತು. ತೋಳು ಸಡಿಲ ಇರುವ, ಮುಂದೆ ಗುಂಡಿ ಇರುವ ಎರಡು ಅಂಗಿ ಇತ್ತು. ಸೂಜಿ ಹಾಕುವ ಕೈ ಸುಲಭವಾಗಿ ಬಿಚ್ಚಬೇಕಲ್ಲ. ಒಂದು ಚಿಕ್ಕ ಸ್ಟೀಲ್ ಲೋಟ ಇತ್ತು, 100 ಮಿಲಿ ಹಿಡಿಯುವಂಥದ್ದು. ದಿನಕ್ಕೆ ಇಷ್ಟೇ ನೀರು ಅಂತ ಲೆಕ್ಕ ಇರುವವರಿಗೆ ದೊಡ್ಡ ಲೋಟದ ತಳದಲ್ಲಿ ಒಂದು ಗುಟುಕು ನೀರು ಕೊಟ್ಟರೆ ಮನಸ್ಸಿಗೆ ನೋವಾಗುತ್ತದೆ. ಚಿಕ್ಕ ಲೋಟ ತುಂಬಿಸಿ ಕೊಟ್ಟರೆ ತುಂಬಿದ ಲೋಟ ಕುಡಿದ ಹಾಗಿರುತ್ತದೆ. ಮಂಜುಗಡ್ಡೆ ಮಾಡುವ ಟ್ರೇ ಕೂಡ ಇಟ್ಟಿದ್ದರು. ಒಂದು ಚೂರು ಮಂಜು ಬಾಯಲ್ಲಿ ಇಟ್ಟುಕೊಂಡರೆ ಬಾಯಾರಿಕೆ ಅರ್ಧ ಗಂಟೆ ತಡೆಯುತ್ತಿತ್ತು. ಅದು ಯಾರಿಗೆ ಹೊಳೆಯಿತೋ, ಅವರ ಹೊಟ್ಟೆ ತಣ್ಣಗಿರಲಿ.

ಡಯಟ್_ಟೇಬಲ್:

ಮಂಡ್ಯದ ಅಣ್ಣ, ನೀವು ಬರೆದದ್ದನ್ನು ನನ್ನ ಪೇಶೆಂಟುಗಳ ಮನೆಯವರಿಗೆಲ್ಲ ಓದಿ ಹೇಳಬೇಕು ಅನ್ನಿಸಿತು. ನಾನು ಡಯಟಿಶಿಯನ್. ಕೆಲವು ಲೆಕ್ಕ ಸೇರಿಸುತ್ತೇನೆ.

ಒಂದು ದೊಡ್ಡ ಲೋಟ, ಅಂದರೆ 240 ಮಿಲಿ ಎಳನೀರಿನಲ್ಲಿ ಸುಮಾರು 600 ಮಿಲಿಗ್ರಾಂ ಪೊಟ್ಯಾಶಿಯಂ ಇರುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವ ಎಷ್ಟೋ ಜನರಿಗೆ ಇಡೀ ದಿನಕ್ಕೆ ಹೇಳುವುದೇ 2,000 ಮಿಲಿಗ್ರಾಂ ಆಸುಪಾಸು. ಬಾಳೆ, ಕಿತ್ತಳೆ, ಖರ್ಜೂರ, ಒಣದ್ರಾಕ್ಷಿ, ಎಲ್ಲಾ ಇದೇ ಗುಂಪು. ಸೇಬು, ಮರಸೇಬು, ಅನಾನಸ್ ಕಡಿಮೆಯವು. ಅದೂ ಎಷ್ಟು ಅಂತ ಅವರವರ ರಕ್ತ ಪರೀಕ್ಷೆ ನೋಡಿ ಹೇಳಬೇಕು. ಕಮರಾಕ್ಷಿ ಹಣ್ಣಂತೂ ಕಿಡ್ನಿ ಕಾಯಿಲೆ ಇರುವವರ ಮನೆ ಹೊಸ್ತಿಲು ದಾಟಬಾರದು. ಅದರಲ್ಲಿರುವ ಒಂದು ವಿಷ ಮಿದುಳಿಗೆ ಏರುತ್ತದೆ. "ಸೋಡಿಯಂ ಕಡಿಮೆ ಉಪ್ಪು" ಅಂತ ಪ್ಯಾಕೆಟ್ ಬರುತ್ತದಲ್ಲ, ಅದನ್ನು ಒಳ್ಳೇದು ಅಂತ ತಂದುಕೊಡುತ್ತಾರೆ. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಶಿಯಂ ಹಾಕಿರುತ್ತಾರೆ. ಕಿಡ್ನಿಯವರಿಗೆ ಅಪಾಯ.

ಪುಡಿ ಡಬ್ಬಿಗಳ ವಿಷಯ. ಹಾಲಿಗೆ ಹಾಕುವ ಪುಡಿ ತರುವಾಗ ಡಬ್ಬಿಯ ಹಿಂದೆ ಓದಿ. ಯಾವುದು ಹೆಚ್ಚು ತೂಕ ಇದೆಯೋ ಅದನ್ನೇ ಮೊದಲು ಬರೆಯಬೇಕು ಅಂತ ನಿಯಮ ಇದೆ. ಮೊದಲ ಎರಡು ಮೂರು ಹೆಸರಿನಲ್ಲೇ ಸಕ್ಕರೆ ಇದ್ದರೆ ಶುಗರ್ ಇರುವವರಿಗೆ ತರಬೇಡಿ. ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಿಂದ ನಮ್ಮ ಮೈಸೂರಿನಲ್ಲೇ ಇದೆ. ಆಹಾರದ ಲೇಬಲ್ ಓದುವ ಅಭ್ಯಾಸ ಈ ಊರಿನವರಿಗೇ ಎಲ್ಲರಿಗಿಂತ ಮೊದಲು ಬರಲಿ ಅಂತ ನನ್ನ ಆಸೆ.

ಡೆಂಗೆ, ವಾಂತಿ ಭೇದಿ ಆದವರಿಗೆ ಓಆರ್‌ಎಸ್ (ಮೈಯಿಂದ ಹೋದ ನೀರು, ಉಪ್ಪಿನಂಶ ತುಂಬುವ ದ್ರಾವಣ) ಅಂತ ಸಿಹಿ ಟೆಟ್ರಾ ಪ್ಯಾಕ್ ತರುವ ರೂಢಿ ಇತ್ತು. 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆ ಥರದ ಜ್ಯೂಸುಗಳ ಹೆಸರಿನಲ್ಲಿ ಓಆರ್‌ಎಸ್ ಅನ್ನುವ ಪದ ಇರಬಾರದು ಅಂತ ಆದೇಶ ಮಾಡಿತು. ಮೆಡಿಕಲ್ ಸ್ಟೋರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯೂಎಚ್‌ಓ) ಸೂತ್ರದ ಪುಡಿ ಪ್ಯಾಕೆಟ್ ಕೇಳಿ ತನ್ನಿ. 1 ಲೀಟರ್ ನೀರಿಗೆ ಕಲಸುವಂಥದ್ದು. ಅದರ ಜೊತೆ ಒಂದು ಲೀಟರಿನ ಬಾಟಲಿಯನ್ನೂ ಇಟ್ಟರೆ ಅಳತೆ ತಪ್ಪುವುದಿಲ್ಲ. ಪ್ಯಾಕೆಟ್ ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗ್ಲೂಕೋಸ್ ಪುಡಿ ಬರೀ ಸಕ್ಕರೆ, ಅದು ಓಆರ್‌ಎಸ್ ಅಲ್ಲ.

ಪಾಂಡವಪುರ_ಆಲೆಮನೆ:

ಸಕ್ಕರೆ ಬೇಡ, ಸರಿ. ಆದರೆ ನಮ್ಮ ಮಂಡ್ಯದ ಬೆಲ್ಲ ಇಡಬಹುದಲ್ಲ ಮೇಡಂ? ನಾವು ಕೆಮಿಕಲ್ ಹಾಕದೆ ಕುದಿಸುತ್ತೇವೆ. ಬಣ್ಣ ಸ್ವಲ್ಪ ಕಪ್ಪಗಿರುತ್ತದೆ. ನಮ್ಮ ತಾತನ ಕಾಲದಿಂದ ಹುಷಾರಿಲ್ಲದವರಿಗೆ ಒಂದು ಅಚ್ಚು ಬೆಲ್ಲ ಕೊಟ್ಟೇ ಬರುವುದು.

ಡಯಟ್_ಟೇಬಲ್:

ಅಣ್ಣ, ನಿಮ್ಮ ಬೆಲ್ಲದ ಮೇಲೆ ನನಗೆ ಗೌರವ ಇದೆ. ಶುಗರ್ ಇಲ್ಲದವರಿಗೆ ಖಂಡಿತ ಕೊಡಿ. ಶುಗರ್ ಇರುವವರಿಗೆ ಮಾತ್ರ ಬೇಡ. ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯೇ. ರಕ್ತದಲ್ಲಿ ಅದು ಏರುವ ರೀತಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಕಿಡ್ನಿಯವರಿಗೂ ಕೇಳದೆ ಬೇಡ, ಬೆಲ್ಲದಲ್ಲಿ ಪೊಟ್ಯಾಶಿಯಂ ಇದೆ.

ಪಾಂಡವಪುರ_ಆಲೆಮನೆ:

ಸರಿ ಮೇಡಂ, ಒಪ್ಪಿದೆ. ನಮ್ಮ ಮನೆಯಲ್ಲೇ ಅತ್ತೆಗೆ ಶುಗರ್ ಇದೆ. ಬೆಲ್ಲದ ಕಾಫಿ ಕುಡಿದರೆ ಪರವಾಗಿಲ್ಲ ಅಂತ ನಾನೇ ಹೇಳುತ್ತಿದ್ದೆ. ಇವತ್ತೇ ನಿಲ್ಲಿಸುತ್ತೇನೆ. ಹಾಗಾದರೆ ರಾಗಿ ಹುರಿಹಿಟ್ಟು? ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂಡಾಫ್ ರಾಗಿ ತಳಿ ಬಂದಾಗಿನಿಂದ ನಮ್ಮ ತಂದೆ ರಾಗಿ ಬಿಟ್ಟವರಲ್ಲ. ಹೊಲದ ರಾಗಿಯನ್ನೇ ಹುರಿದು ಅರಳಿಸಿ ಬೀಸಿದ್ದು.

ಡಯಟ್_ಟೇಬಲ್:

ಅದು ಚೆನ್ನಾಗಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಮೂಳೆ ಮುರಿದವರಿಗೆ, ಜ್ವರ ಬಿಟ್ಟು ಹಸಿವು ಬರುತ್ತಿರುವವರಿಗೆ ಕೊಡಿ. ಪುಡಿ ಮಾತ್ರ ಕೊಡಿ, ಬೆಲ್ಲ ಕಲಸದೆ. ಬೇಕಾದವರು ಮಜ್ಜಿಗೆಗೆ ಹಾಕಿಕೊಳ್ಳುತ್ತಾರೆ. ಡಬ್ಬಿಯ ಮೇಲೆ ಬೀಸಿದ ದಿನ ಬರೆದು ಅಂಟಿಸಿ.

ಬೋಗಾದಿ_ಅಮ್ಮ:

ಎಲ್ಲರೂ ಮಲಗಿದವರ ಬಗ್ಗೆ ಹೇಳುತ್ತಿದ್ದೀರಿ. ನಾನು ಪಕ್ಕದಲ್ಲಿ ಕೂತವಳ ಮಾತು ಹೇಳುತ್ತೇನೆ.

ನಮ್ಮ ಯಜಮಾನರಿಗೆ ಸ್ಕೂಟರ್ ಅಪಘಾತವಾಗಿ 11 ದಿನ ಐಸಿಯುನಲ್ಲಿದ್ದರು. ಆ 11 ದಿನ ನಾನು ಹೊರಗಿನ ವರಾಂಡದಲ್ಲಿ ಮಲಗಿದೆ. ನೋಡಲು ಬಂದವರು ಹಣ್ಣು ತಂದರು. ಐಸಿಯು ಒಳಗೆ ಹಣ್ಣು ಬಿಡಲ್ಲ, ಹೂವು ಬಿಡಲ್ಲ. ಅವರಿಗೆ ಮೂಗಿನಲ್ಲಿ ನಳಿಕೆ. ನನ್ನ ಪಕ್ಕ ಏಳು ಚೀಲ ಸೇಬು, ಮೂಸಂಬಿ ಸೇರಿತು. ಅಲ್ಲಿದ್ದ ಬೇರೆಯವರಿಗೆ ಹಂಚಿದೆ. ಆದರೆ ನನ್ನ ಹತ್ತಿರ ಬಾಚಣಿಗೆ ಇರಲಿಲ್ಲ. ಹಲ್ಲುಜ್ಜಲು ಬ್ರಷ್ಷಿರಲಿಲ್ಲ. ಉಟ್ಟ ಸೀರೆಯಲ್ಲೇ ಓಡಿ ಬಂದಿದ್ದೆ. ಮೂರನೇ ದಿನ ತಿಂಗಳ ಮುಟ್ಟಾಯಿತು. ಬಂದ ಗಂಡಸರ ಹತ್ತಿರ ಏನಂತ ಕೇಳಲಿ?

ಐದನೇ ದಿನ ನನ್ನ ವಾರಗಿತ್ತಿ ಬಂದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ಟು. ಮೊದಲು ನನಗೆ ಅರ್ಥವಾಗಲಿಲ್ಲ. ಒಳಗೆ ಮಗ್ಗು, ಸೋಪು, ಬಟ್ಟೆ ಸೋಪು, ಟವೆಲ್ಲು, ಎರಡು ನೈಟಿ, ಒಳಬಟ್ಟೆ, ಪ್ಯಾಡು, ಬಾಚಣಿಗೆ, ಒಂದು ಜಮಖಾನ, ಫ್ಲಾಸ್ಕು, ಉದ್ದ ವೈರಿನ ಚಾರ್ಜರ್. ಒಂದು ಪ್ಲಾಸ್ಟಿಕ್ ಫೈಲು ಇತ್ತು, ಅದರಲ್ಲಿ ಆಧಾರ್, ರೇಷನ್ ಕಾರ್ಡಿನ ಐದೈದು ಜೆರಾಕ್ಸು. ಚಿಲ್ಲರೆ ಬೇಕಾಗುತ್ತೆ ಅಂತ ಹತ್ತು, ಇಪ್ಪತ್ತರ ನೋಟು 500 ರೂಪಾಯಿಯಷ್ಟು. "ಅಕ್ಕ, ನೀನು ಹೋಗಿ ಸ್ನಾನ ಮಾಡ್ಕೊಂಡು ಮಲಗು, ನಾಲ್ಕು ಗಂಟೆ ನಾನಿಲ್ಲಿ ಕೂತಿರ್ತೀನಿ" ಅಂದಳು. ಐದು ದಿನದಲ್ಲಿ ಅವತ್ತು ಮೊದಲ ಸಲ ಅತ್ತೆ.

ಅಲ್ಲಿಂದೀಚೆಗೆ ನಾನು ಯಾರನ್ನೇ ಆಸ್ಪತ್ರೆಗೆ ನೋಡಲು ಹೋದರೂ ಬಕೆಟ್ಟೇ ತೆಗೆದುಕೊಂಡು ಹೋಗುವುದು. ಆಸ್ಪತ್ರೆಯಲ್ಲಿ ಬಕೆಟ್ಟಿಗೆ ಇರುವ ಬೆಲೆ ಚೆಂದದ ಬುಟ್ಟಿಗೆ ಇಲ್ಲ. ಮನೆಗೆ ಬಂದ ಮೇಲೆ ಬೇಕಾದರೆ ಬುಟ್ಟಿ ಕೊಡಿ.

ನರ್ಸಕ್ಕ:

ಬೋಗಾದಿ ಅಮ್ಮ, ನಿಮ್ಮ ವಾರಗಿತ್ತಿಗೆ ನನ್ನ ನಮಸ್ಕಾರ ತಿಳಿಸಿ. ಆ ಜೆರಾಕ್ಸ್ ವಿಷಯ ತುಂಬಾ ಮುಖ್ಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಕಾಗದ ಕೈಯಲ್ಲಿಲ್ಲದೆ ಕೌಂಟರಿನಿಂದ ಜೆರಾಕ್ಸ್ ಅಂಗಡಿಗೆ, ಅಲ್ಲಿಂದ ಮನೆಗೆ ಓಡಾಡುವವರನ್ನು ದಿನಾ ನೋಡುತ್ತಿದ್ದೆ. ಮಲಗಿದವರನ್ನು ಬಿಟ್ಟು ಎದ್ದು ಹೋಗಲು ಅವರಿಗೆ ಜೊತೆಯೂ ಇರುತ್ತಿರಲಿಲ್ಲ.

ಪಾರ್ಶ್ವವಾಯು ಆದವರಿಗೆ ಮಾತ್ರ ಯಾರೂ ತಿನ್ನುವುದು, ಕುಡಿಯುವುದು ತರಬೇಡಿ. ನುಂಗುವ ಶಕ್ತಿ ಹೇಗಿದೆ ಅಂತ ಪರೀಕ್ಷೆ ಆಗಬೇಕು. ಬರೀ ನೀರು ಕೂಡ ಶ್ವಾಸಕೋಶಕ್ಕೆ ಇಳಿಯಬಹುದು.

ನಂಜನಗೂಡು_ರಸ್ತೆ:

ಪ್ರಸಾದ ಇಡಬಹುದಾ ಅಕ್ಕ? ನಮ್ಮ ಮನೆಯಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಶ್ರೀಕಂಠೇಶ್ವರನಿಗೆ ಹರಕೆ. ಟಿಪ್ಪುವಿನ ಆನೆಗೆ ಹೋದ ಕಣ್ಣು ಮರಳಿ ಬಂದದ್ದಕ್ಕೆ ಟಿಪ್ಪುವೇ ದೇವರನ್ನು ಹಕೀಮ್ (ವೈದ್ಯ) ನಂಜುಂಡ ಅಂತ ಕರೆದ ಅನ್ನುವುದನ್ನು ಅಜ್ಜಿ ಹೇಳಿಯೇ ನಮ್ಮನ್ನು ಬೆಳೆಸಿದ್ದು. ವಿಭೂತಿ ಇಲ್ಲದೆ ಹೋಗಲು ಮನಸ್ಸು ಬರಲ್ಲ.

ನರ್ಸಕ್ಕ:

ಇಡಿ. ನಂಬಿಕೆ ಇರುವವರಿಗೆ ಅದರಿಂದ ಬರುವ ಧೈರ್ಯವನ್ನು ನಾನೂ ಕಂಡಿದ್ದೇನೆ. ಚಿಕ್ಕ ಡಬ್ಬಿಯಲ್ಲಿ ಮುಚ್ಚಿ ಕೊಡಿ. ಹಣೆಗೆ ಸಾಕು. ಗಾಯ, ಹೊಲಿಗೆ, ನಳಿಕೆ ಹಾಕಿದ ಜಾಗದ ಹತ್ತಿರ ಬೇಡ. ಪಂಚಾಮೃತ, ತೀರ್ಥ ಕೀಮೋದವರಿಗೆ ಬೇಡ.

ಅಗ್ರಹಾರದ_ಮೇಷ್ಟ್ರು:

ನನಗೀಗ 76. ಹೋದ ಮಾಘದಲ್ಲಿ ಎರಡು ಕಣ್ಣಿಗೂ ಒಂದಾದ ಮೇಲೊಂದು ಪೊರೆ ಆಪರೇಶನ್ ಆಯಿತು. ದೊಡ್ಡ ಕಾಯಿಲೆಯೇನಲ್ಲ. ಆದರೂ ಓದಬೇಡಿ ಅಂದಾಗ ದಿನಗಳು ಬಹಳ ಉದ್ದವಾಗುತ್ತವೆ. 40 ವರ್ಷ ಓದುವುದೇ ಕೆಲಸವಾಗಿದ್ದವನು ನಾನು.

ನನ್ನ ಹಳೆ ವಿದ್ಯಾರ್ಥಿಯೊಬ್ಬ ಅಂಗೈಯಗಲದ ರೇಡಿಯೋ ತಂದುಕೊಟ್ಟ. ಸ್ಟೇಷನ್ ಹುಡುಕುವ ಕಷ್ಟ ಬೇಡ ಅಂತ ಮೈಸೂರು ಆಕಾಶವಾಣಿಗೆ ತಾನೇ ತಿರುಗಿಸಿಟ್ಟಿದ್ದ. ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಶುರು ಮಾಡಿದ ಬಾನುಲಿ ಅದು. ಆಕಾಶವಾಣಿ ಅನ್ನುವ ಹೆಸರು ಇಡೀ ದೇಶಕ್ಕೆ ಹೋದದ್ದು ಈ ಊರಿನಿಂದ. ಪಾಠ ಮಾಡುವಾಗ ಇದನ್ನು ಎಷ್ಟು ಸಲ ಹೇಳಿದ್ದೆನೋ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿ ಕೇಳಿದಾಗ ಅದು ಬೇರೆಯೇ ಥರ ಕೇಳಿಸಿತು. ಬ್ಯಾಟರಿ ಸೆಲ್ಲು ಎರಡು ಜೊತೆ ಹೆಚ್ಚಿಗೆ ಇಟ್ಟಿದ್ದ. ಅಂಥ ಬುದ್ಧಿ ಅವನಿಗೆ ಚಿಕ್ಕವನಿದ್ದಾಗಲೂ ಇತ್ತು.

ಇನ್ನೊಂದು ಬಿನ್ನಹ. ಬುಟ್ಟಿಯ ಜೊತೆ ಒಂದು ಕಾಗದ ಬರೆದಿಡಿ. "ಬೇಗ ಹುಷಾರಾಗಿ" ಅಂತ ಅಂಗಡಿಯ ಕಾರ್ಡಿನಲ್ಲಿ ಅಚ್ಚಾದದ್ದಲ್ಲ. ಅವರು ನಿಮಗೆ ಮಾಡಿದ ಒಂದು ಉಪಕಾರ ನೆನಪಿದ್ದರೆ ಅದನ್ನು ಬರೆಯಿರಿ. ಕುವೆಂಪುನಗರದ ಮಗಳೇ, ನೀನು ಆ ಮೆಣಸಿನ ಸಾರಿನ ವಿಷಯ ಬರೆದಿದ್ದೀಯಲ್ಲ, ಅದನ್ನೇ ಬರೆ. ದೊಡ್ಡ ಅಕ್ಷರದಲ್ಲಿ ಬರೆ.

ಮತ್ತೆ, ಒಂಬತ್ತು ಮನೆಯವರೂ ಒಟ್ಟಿಗೆ ಹೋಗಬೇಡಿ. ನನ್ನನ್ನು ನೋಡಲು ಒಂದು ದಿನ ಹನ್ನೊಂದು ಜನ ಬಂದರು. ನನ್ನ ಮನೆಯವಳು ಎಲ್ಲರಿಗೂ ಕಾಫಿ ಮಾಡಿ ಮಾಡಿ ಸಂಜೆಗೆ ಸೊಂಟ ಹಿಡಿದು ಕೂತಳು.

ಬಂಬೂಬಜಾರ್_ಹತ್ತಿರ:

ಬುಟ್ಟಿ ಎಲ್ಲಿ ತರೋದು ಅಂತ ಯಾರೂ ಹೇಳಲಿಲ್ಲ. ಬಂಬೂ ಬಜಾರ್, ಮೇದರ ಬ್ಲಾಕ್ ಕಡೆ ಬನ್ನಿ. ಬಿದಿರಿನದ್ದು ಕಣ್ಣೆದುರಿಗೆ ಹೆಣೆದು ಕೊಡುತ್ತಾರೆ. ಹಿಡಿ ಗಟ್ಟಿ ಇದೆಯಾ ಅಂತ ಎತ್ತಿ ನೋಡಿ. ಸೀಳಿನ ತುದಿ ಒಳಗೆ ಚುಚ್ಚುತ್ತಿದ್ದರೆ ಬೇಡ, ಕೀಮೋದವರಿಗೆ ಕೈ ಗೀರಿದರೂ ಕಷ್ಟ. ತಂದು ಒದ್ದೆ ಬಟ್ಟೆಯಲ್ಲಿ ಒರೆಸಿ ಎರಡು ದಿನ ಬಿಸಿಲಿಗಿಡಿ. ಒಳಗೆ ಒಗೆದ ಹಳೆ ಕಾಟನ್ ಸೀರೆ ತುಂಡು ಹಾಸಿ. ಹಣ್ಣನ್ನು ದೇವರಾಜ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಹೊತ್ತು ಒಂದೊಂದೇ ಮುಟ್ಟಿ ನೋಡಿ ಆರಿಸಿ. ರೆಡಿ ಬುಟ್ಟಿಗಿಂತ ಅರ್ಧ ದುಡ್ಡಿಗೆ ಆಗುತ್ತದೆ.

ಕುವೆಂಪುನಗರ_ಮನೆ:

ಎಲ್ಲರಿಗೂ ಥ್ಯಾಂಕ್ಸ್ ಹೇಳಲು ಮಾತೇ ಸಿಗುತ್ತಿಲ್ಲ. ನಾಳೆ ಆಂಟಿ ಮಗಳಿಗೆ ಫೋನ್ ಮಾಡಿ ಕೇಳಿಯೇ ಮುಂದಿನ ಕೆಲಸ. ಒಂದು ಅನುಮಾನ. ಖರ್ಚು ಕಳೆದು ಉಳಿದ ದುಡ್ಡನ್ನು ಕವರಿನಲ್ಲಿ ಕೊಟ್ಟರೆ ಅವರಿಗೆ ನೋವಾಗುತ್ತಾ? ಮದುವೆ ಮುಯ್ಯಿ ಥರ ಕಾಣಬಾರದು.

ಬೋಗಾದಿ_ಅಮ್ಮ:

ದುಡ್ಡನ್ನೇ ಕೈಗೆ ಕೊಟ್ಟರೆ ಕೆಲವರಿಗೆ ಸಂಕೋಚ ಆಗುತ್ತದೆ. ಆಸ್ಪತ್ರೆಗೆ ಹೋಗಿ ಬರುವ ಆಟೋಗೆ ನೀವೇ ಕೊಟ್ಟುಬಿಡಿ. "ಮುಂದಿನ ಸಲದ ಆಟೋ ನಮ್ಮದು" ಅಂತ ಹೇಳಿ. ಯಾರೂ ಬೇಡ ಅನ್ನಲ್ಲ.

ಕುವೆಂಪುನಗರ_ಮನೆ:

ಹತ್ತು ದಿನ ಆಯಿತು. ಏನಾಯಿತು ಅಂತ ಹೇಳಬೇಕಲ್ಲ.

ಮಗಳು ಫೋನಿನಲ್ಲಿ ಮೊದಲು ಹೇಳಿದ್ದು, "ಅಮ್ಮನಿಗೆ ಬಾಯೆಲ್ಲ ಹುಣ್ಣು, ಖಾರ, ಹುಳಿ ಏನೂ ಆಗುತ್ತಿಲ್ಲ." ನಮ್ಮ ಮೂಸಂಬಿ ಅಲ್ಲೇ ಹೊರಗಾಯಿತು. ಮನೆಯಲ್ಲಿ ಥರ್ಮಾಮೀಟರ್ ಇರಲಿಲ್ಲ. ಹಾರ್ಲಿಕ್ಸ್ ಡಬ್ಬಿ ಆಗಲೇ ಐದು ಬಂದಿದ್ದವಂತೆ. ನಾನೂ ಆರನೆಯದು ಒಯ್ಯುತ್ತಿದ್ದೆ.

ಕೊನೆಗೆ ಇಟ್ಟದ್ದು ಇಷ್ಟು. ಥರ್ಮಾಮೀಟರ್, ಮೆತ್ತನೆ ಬ್ರಷ್ಷು, ಮರದ ಚಮಚ, ವ್ಯಾಸಲಿನ್, ತಲೆಗೆ ಮೂರು ಹತ್ತಿ ಬಟ್ಟೆ. ಮೂರನೇ ಮನೆ ಅತ್ತಿಗೆ ಅವನ್ನು ತಮ್ಮ ಮೆತ್ತಗಾದ ಕಾಟನ್ ಸೀರೆಯಿಂದ ಹೊಲಿದುಕೊಟ್ಟರು. ಒಂದು ಚಿಪ್ಪು ಏಲಕ್ಕಿ ಬಾಳೆಹಣ್ಣು. ಮಗಳಿಗೆ ಅಂತ ಒಂದು ಫ್ಲಾಸ್ಕು, ಒಂದು ಫೈಲು. ಮೇಷ್ಟ್ರು ಹೇಳಿದ ಕಾಗದ. ಆಟೋಗೆ 600 ತೆಗೆದಿಟ್ಟೆವು. ಇನ್ನು ಊಟದ ಸರದಿ ಮಾಡಿಕೊಂಡೆವು. ಬುಧವಾರ, ಶುಕ್ರವಾರ ಒಗ್ಗರಣೆ ಇಲ್ಲದ ಮೆತ್ತನೆ ಅನ್ನ, ಹೆಸರುಬೇಳೆ ತೊವ್ವೆ. ಅವರ ಅಡುಗೆಮನೆಯಲ್ಲಿ ವಾಸನೆ ಬರಬಾರದು ಅಂತ ನಮ್ಮಲ್ಲೇ ಮಾಡಿ, ಬಿಸಿ ಆರಿದ ಕೂಡಲೇ ಒಯ್ಯುತ್ತೇವೆ.

ನಾನು, ಅತ್ತಿಗೆ ಇಬ್ಬರೇ ಹೋದೆವು. ಹತ್ತು ನಿಮಿಷ ಇದ್ದೆವು. ಆಂಟಿ ಮರದ ಚಮಚ ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. "ಇದು ಯಾರು ಹೇಳಿದ್ದು ನಿನಗೆ?" ಅಂದರು. ಬಾಯಲ್ಲಿ ಕಬ್ಬಿಣದ ರುಚಿ ಬರುವುದನ್ನು ಅವರು ಮಗಳಿಗೂ ಹೇಳಿರಲಿಲ್ಲವಂತೆ. ಹೇಳಿದರೆ ಅಡುಗೆ ಸರಿಯಿಲ್ಲ ಅಂದ ಹಾಗಾಗುತ್ತೆ ಅಂತ.

ಕಾಗದವನ್ನು ನನ್ನ ಮುಂದೆ ಓದಲಿಲ್ಲ. ದಿಂಬಿನ ಕೆಳಗೆ ಇಟ್ಟುಕೊಂಡರು.

ಮಲ್ಲಿಗೆ ಆಸೆ ಪಟ್ಟದ್ದನ್ನು ನಾನೇ ಹೇಳಿದೆ. ಈಗ ಅದರ ಹೆಸರು ಹೇಳಿದರೂ ಹೊಟ್ಟೆ ತೊಳಸುತ್ತೆ ಅಂದು ಅವರ ಕಣ್ಣು ತುಂಬಿತು. ಆಮೇಲೆ ಅವರೇ, "ದಸರಾ ಹೊತ್ತಿಗೆ ಎಲ್ಲಾ ಮುಗಿದಿರುತ್ತೆ. ಆಗ ತಾ" ಅಂದರು.

ಎರಡು ದಿನದ ಹಿಂದೆ ರಾತ್ರಿ 11 ಗಂಟೆಗೆ ಜ್ವರ 101 ತೋರಿಸಿತು. ಮಗಳು ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿದಳು. ನಮ್ಮವರೇ ಕಾರಿನಲ್ಲಿ ಕರೆದುಕೊಂಡು ಹೋದರು. ಅಡ್ಮಿಟ್ ಮಾಡಿಕೊಂಡು ಔಷಧಿ ಕೊಟ್ಟರು. ನಿನ್ನೆ ಸಂಜೆ ಜ್ವರ ಬಿಟ್ಟಿದೆ, ಮಾತಾಡುತ್ತಿದ್ದಾರೆ. ನರ್ಸಕ್ಕ, ನಿಮಗೆ ಏನು ಹೇಳಲಿ.

ನರ್ಸಕ್ಕ:

ಏನೂ ಹೇಳಬೇಡಮ್ಮ. ಮಗಳು ನಿದ್ದೆ ಮಾಡಿದಳಾ ಕೇಳು. ಇವತ್ತು ರಾತ್ರಿ ಅವಳ ಬದಲಿಗೆ ನಿಮ್ಮಲ್ಲಿ ಯಾರಾದರೂ ಹೋಗಿ ಕೂತುಕೊಳ್ಳಿ. ನೆಗಡಿ, ಕೆಮ್ಮು ಇಲ್ಲದವರು.

ಕುವೆಂಪುನಗರ_ಮನೆ:

ಅತ್ತಿಗೆ ಹೊರಟಿದ್ದಾರೆ. ಬಕೆಟ್ಟು ತೆಗೆದುಕೊಂಡು.